ಎರಡನೆಯ ಪತ್ರಿಕೆ ಬಾಕಿ

೧೪ ಅಕ್ಟೋಬರ್, ಮಂಗಳವಾರ

ಸರ್ಟಿಫಿಕೇಟಿನ ನಂಬರ್ ಕೇಳಿದ್ದಾರೆ. ಮಧ್ಯಾಹ್ನ ಊಟದ ಡಬ್ಬಿ ತೆರೆಯುವಷ್ಟರಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದ ಹೊಸ ಕಂಪನಿಯಿಂದ ಫೋನ್. "ಮೇಡಂ, ರೆಸ್ಯೂಮೆಯಲ್ಲಿ ಕಂಪ್ಯೂಟರ್ ಸೆಕ್ಯುರಿಟಿ ಸರ್ಟಿಫಿಕೇಟ್ ಹಾಕಿದ್ದೀರಲ್ಲ, ಅದರ ನಂಬರ್ ನಾಳೆ ಹತ್ತರೊಳಗೆ ಕಳಿಸಿಬಿಡಿ." "ಆಯ್ತು, ಕಳಿಸ್ತೀನಿ" ಎಂದೆ. ಎಷ್ಟು ಸಲೀಸಾಗಿ ಎಂದೆ!

ಆ ಸರ್ಟಿಫಿಕೇಟ್ ಪರೀಕ್ಷೆಯ ಎರಡು ಪತ್ರಿಕೆಗಳಲ್ಲಿ ನಾನು ಪಾಸಾಗಿರುವುದು ಒಂದೇ. ರೆಸ್ಯೂಮೆಯಲ್ಲಿ ಮೊದಲು ಹಾಗೆಂದೇ ಬರೆದಿದ್ದೆ. ಅಕ್ಕ ಓದಿ ಮೂಗು ಮುರಿದಳು. "ಅರ್ಧಂಬರ್ಧ ಆಗಿದ್ದನ್ನ ಯಾರಾದ್ರೂ ಡಂಗುರ ಸಾರ್ತಾರೇನೇ? ಆ ಸಾಲು ತೆಗಿ." ಹೇಳಿದ್ದು ಅಕ್ಕ, ನಿಜ. ತೆಗೆದದ್ದು ನಾನು. ಸರ್ಟಿಫಿಕೇಟಿನ ಹೆಸರೊಂದೇ ಉಳಿಯಿತು.

ಹಾಲ್ ಟಿಕೆಟ್ ನಂಬರ್ ಕಳಿಸಿದರೆ? ಅದಕ್ಕೂ ಎಂಟೇ ಅಂಕಿ. ಯಾರು ನೋಡುತ್ತಾರೆ?

ನನ್ನಂಥವರು ನೋಡುತ್ತಾರೆ. ಯಾರು ಯಾರ ಪಾಸ್‌ವರ್ಡ್ ಹಾಕಿ ಒಳಗೆ ಬಂದರು ಎಂದು ಹಿಡಿಯುವುದೇ ಆಫೀಸಿನಲ್ಲಿ ನನ್ನ ಕೆಲಸ. ಹೋದ ತಿಂಗಳು ಉಗ್ರಾಣದ ಗುಮಾಸ್ತರು ಸಿಕ್ಕಿಬಿದ್ದರು. ರಜೆಯಲ್ಲಿದ್ದ ಮ್ಯಾನೇಜರ್ ಪಾಸ್‌ವರ್ಡ್ ಬಳಸಿದ್ದರು. "ಮುಂದಿನ ವಾರ ನನಗೇ ಬೇರೆ ಪಾಸ್‌ವರ್ಡ್ ಕೊಡೋರಿದ್ರಲ್ಲಮ್ಮ, ಅದಕ್ಕೇ..." ಎಂದು ಕೈಮುಗಿದರು. ನಾನು ವರದಿಯಲ್ಲಿ ಬರೆದ ವಾಕ್ಯ ಸಂಜೆಯಿಂದ ತಲೆಯಲ್ಲಿ ಗುಯ್‌ಗುಡುತ್ತಿದೆ: "ಮುಂದೆ ಸಿಗಲಿರುವ ಅಧಿಕಾರವನ್ನು ಇಂದೇ ಬಳಸುವಂತಿಲ್ಲ." ಮೇಲಿನವರು ಶಹಭಾಸ್ ಎಂದಿದ್ದರು.

ಮೇಲ್ ಬರೆದಿಟ್ಟಿದ್ದೇನೆ. ಎರಡನೆಯ ಪತ್ರಿಕೆ ಬಾಕಿಯಿದೆ, ನಂಬರ್ ಇನ್ನೂ ಬಂದಿಲ್ಲ, ತಪ್ಪು ನನ್ನದು ಎಂದು ಮೂರೇ ಸಾಲು. ಇನ್ನೂ ಕಳಿಸಿಲ್ಲ. ಹೊಸ ಕೆಲಸ ಹೋದರೆ ಹೋಗಲಿ ಎನ್ನಲು ಬಾಯಿ ಬರುತ್ತಿಲ್ಲ.

ಗುಮಾಸ್ತರಿಗೂ ಒಂದು ಮಾತು ಹೇಳಬೇಕು ಅನ್ನಿಸುತ್ತಿದೆ. ಆದರೆ ನನ್ನ ವರದಿ ಹೋದ ಮೇಲೆ ಅವರು ಆಫೀಸಿಗೆ ಬರುತ್ತಿಲ್ಲ.