ಬಿಚ್ಚಿಟ್ಟ ಕರಡಿಗಿ

ಮಂಜುಶ್ರೀನ ಪಪ್ಪಾರಿಗೆ,

ತಂಗಿ ಸುವರ್ಣಾನ ಸಂಗಡ ಸಂಭಾಜಿನಗರದ ದವಾಖಾನಿಗೆ ಹೊಂಟೀನ್ರಿ. ನೀವು ಓಝರ್‌ದಿಂದ ಕಾರ್ಖಾನಿ ಪಾಳಿ ಮುಗಿಸಿ ಬರೂತನಕ ನಿಂತ್ರ ನನಗ ಹೋಗ್ಲಿಕ್ಕ ಮನಸ್ಸು ಬರಲ್ಲ.

ರೊಟ್ಟಿ ಡಬ್ಬಿಯಾಗ ಅವ, ಶೇಂಗಾ ಹಿಂಡಿ ಮುಗದದ. ಬಕೆಟ್‌ನ್ಯಾಗಿನ ನನ್ನ ಚಾದರ ನೀವು ಮುಟ್ಟಬ್ಯಾಡ್ರಿ.

ದೀಪಾವಳಿ ಮುಂದ ಗರ್ಭಚೀಲ ತೆಗದ್ರಲ್ಲ, ಆಗ ಮೂತ್ರಚೀಲಕ್ಕ ತೂತು ಬಿದ್ದದಂತ. ಅಪರೂಪಕ್ಕ ಯಾರಿಗೋ ಹಿಂಗ ಆಗ್ತದಂತ. ಹಗಲೂ ರಾತ್ರಿ ಸೋರ್ತದ್ರಿ. ಅದನ್ನ ಹೊಲಿಸಿಕೊಳ್ಳಲಿಕ್ಕೇ ಹೊಂಟೀನಿ. ನಾ ಸಿಟ್ಟಿಗೆ ಬ್ಯಾರೆ ಮಲಗ್ತೀನಿ ಅಂತ ನೀವು ತಿಳಕೊಂಡ್ರಿ. ವಾಸನಿ ನಿಮಗ ಬಡಿಯೂದಕ್ಕಿಂತ ಅದೇ ಚಲೋ ಅಂತ ನಾನೂ ಸುಮ್ಮನಿದ್ದೆ.

ದೇವರ ಜಗಲಿ ಮ್ಯಾಲ, ವಿಭೂತಿ ಗಟ್ಟಿ ಹಿಂದ, ನನ್ನ ಲಿಂಗದ ಕರಡಿಗಿ ಅದ. ಜೀವ ಇರೂತನಕ ಲಿಂಗ ಮೈಯಿಂದ ಬಿಚ್ಚಬಾರದು, ಗೊತ್ತದ. ಹಿಂಗ ಸೋರಿ ಒದ್ದಿಯಾದ ಮೈಮ್ಯಾಲ ಕಟ್ಟಿಕೊಳ್ಳಲಿಕ್ಕ ಧೈರ್ಯ ಆಗಲಿಲ್ಲ. ನಿಮಗ ತಿಳಿಬಾರದಂತ ಕೊರಳಾಗ ಕರಡಿಗಿ ಇಲ್ಲದ ಬರೇ ಶಿವದಾರ ಇಟ್ಟುಕೊಂಡಿದ್ದೆ. ನೀವೂ ನೋಡಲಿಲ್ಲ.

ಪೂಜಿ ಮುಂದ ನಿಮ್ಮ ಲಿಂಗದ ಜೋಡಿ ನನ್ನದಕ್ಕೂ ನೀರು ಹಾಕ್ರಿ. ನಾ ಒಣಗಿ ಬಂದ್ರ ನೀವೇ ಕೈಯಾರೆ ಕಟ್ರಿ. ಬರಲಿಲ್ಲಂದ್ರ ಮಣ್ಣಿಗಿಡೂ ಮುಂದ ನನ್ನ ಅಂಗೈಯಾಗ ಇಡ್ರಿ. ಆಗ ಸೋರೂದು ನಿಂತಿರ್ತದ.