ತಪ್ಪಿನ ಕಪಾಟಿನ ಮೊದಲ ಬಾಟಲಿ

ಕೃಷ್ಣೆಯ ದಂಡೆ, ಸುರಪುರ ಸೀಮೆ
ನೀರೆಣಿಕೆಯ ಇನ್ನೂರ ಹದಿನಾಲ್ಕನೆಯ ವರ್ಷ, ಶ್ರಾವಣದ ಮೂವತ್ತಮೂರನೆಯ ದಿನ

ಹಿರಿಯರಾದ ಗಂಗವ್ವನವರಿಗೆ ರಸಮನೆಯ ನೋಟಗಾರ್ತಿ ದ್ಯಾವಮ್ಮನ ಶರಣು ಶರಣಾರ್ಥಿ.

ಮೇಲಿನ ತಾರೀಖು ನೋಡಿ ನಗಬೇಡಿ. ಹೊಳೆ ತುಂಬುವವರೆಗೆ ಶ್ರಾವಣ ಮುಗಿಯಬಾರದೆಂಬುದು ನಮ್ಮ ಕಾಲದ ಕಟ್ಟಳೆ. ಈ ವರ್ಷ ಹೊಳೆ ತಡಮಾಡಿದೆ, ಅದಕ್ಕೆ ತಿಂಗಳೂ ಕಾಯುತ್ತಿದೆ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದಿಂದ ನಮ್ಮ ಕಾಲಕ್ಕೆ ಎರಡು ನೂರು ವರ್ಷ; ಅಷ್ಟರಲ್ಲಿ ಹೊಳೆಯೇ ದಂಡೆ ಬದಲಿಸುತ್ತದೆ, ಇನ್ನು ಮಾತಿನ ಪಾಡೇನು?

ಈ ಪತ್ರ ತಲುಪುವ ಹೊತ್ತಿಗೆ ನೀವು ನಿಮ್ಮ ಔಷಧಿ ಕಾರ್ಖಾನೆಯ ಕಿಟಕಿಯ ಬಳಿ ಒಂದು ಬಾಟಲಿ ಮುಂದಿಟ್ಟುಕೊಂಡು, ಅದಕ್ಕೆ ಚೀಟಿ ಅಂಟಿಸಲೋ ಬೇಡವೋ ಎಂದು ಕೂತಿರುತ್ತೀರಿ. ಅಂಟಿಸಿ ಎಂದು ಒತ್ತಾಯಿಸಲು ನಾನು ಬರೆಯುತ್ತಿಲ್ಲ. ನೀವು ಅಂಟಿಸಿದ್ದೀರಿ. ಆ ಬಾಟಲಿ ನಮ್ಮಲ್ಲಿದೆ. ನನ್ನ ಕೋರಿಕೆ ಬೇರೆಯೇ ಇದೆ, ಕೊನೆಗೆ ಹೇಳುತ್ತೇನೆ.

ಮೊದಲು ನಮ್ಮ ಮನೆಯ ಸುದ್ದಿ. ನೀವು ಗಾಂಜಾ ಎಂದು ದನಿ ತಗ್ಗಿಸಿ ಹೇಳುವ ಗಿಡವನ್ನು ನಾವು ಭಂಗಿ ಎಂದು ಗಟ್ಟಿಯಾಗಿಯೇ ಹೇಳುತ್ತೇವೆ. ಮೂರ್ಛೆರೋಗದವರಿಗೆ, ನೋವಿನಲ್ಲಿ ನರಳುವವರಿಗೆ ಅದರ ರಸ ಇಳಿಸುವ ಮನೆಯೇ ರಸಮನೆ. ಗಿಡದ ಸತ್ವವನ್ನು ಸ್ಪಿರಿಟಿನಲ್ಲಿ ಬಿಡಿಸಿ, ಆ ಸ್ಪಿರಿಟನ್ನು ಪೂರ್ತಿ ಹಾರಿಸಿ, ಉಳಿದದ್ದನ್ನು ಅಗಲವಾದ ತಟ್ಟೆಗಳಲ್ಲಿ ಹರಡಿ ಇಡುತ್ತೇವೆ. ಅದರ ಮುಖ ನೋಡಿ ದೋಷ ಹೇಳುವವರು ನೋಟಗಾರರು. ನಮ್ಮ ಕೋಣೆಗೆ ಉತ್ತರದ ಕಡೆಗೆ ಮಾತ್ರ ಕಿಟಕಿ, ಬೆಳಕು ಕುಣಿಯಬಾರದೆಂದು. ಕೆಲಸದ ದಿನ ನಮಗೆ ಉಳ್ಳಾಗಡ್ಡಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಮುಡಿಯಲ್ಲಿ ಮಲ್ಲಿಗೆಯೂ ಇಲ್ಲ. ಮೂಗು ಕೆಟ್ಟರೆ ಕಣ್ಣೂ ಮೋಸ ಹೋಗುತ್ತದೆ. ಶುದ್ಧಿ ಅಳೆಯುವ ಯಂತ್ರವೂ ಉಂಟು, ಆದರೆ ಅದು ತನಗೆ ಕೊಟ್ಟ ಹನಿಯೊಂದನ್ನೇ ನೋಡುತ್ತದೆ. ತಟ್ಟೆಯ ತುಂಬ ಏನಾಗಿದೆ ಎಂಬುದನ್ನು ನಾವೇ ನೋಡಬೇಕು. ಹರಳುಗಟ್ಟಿದ ರಸಕ್ಕೆ ಸಕ್ಕರೆ ಬಂತೆನ್ನುತ್ತೇವೆ, ಮಬ್ಬಾದರೆ ಮೋಡ ಬಂತೆನ್ನುತ್ತೇವೆ, ಹೊಳೆದರೆ ಕನ್ನಡಿ. ಹೊಸಬರೆಲ್ಲ ಕನ್ನಡಿಗೇ ಮರುಳಾಗುತ್ತಾರೆ. ಸಕ್ಕರೆ ಬಂದ ರಸ ಎಷ್ಟೋ ಸಲ ಅಪ್ಪಟವಾಗಿರುತ್ತದೆ, ಮೋಡವೂ ಬರೀ ಎಲೆಯ ಮೇಣವಿರಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಬಾಯಲ್ಲಿ ಹೇಳಿ, ಕೈಯಲ್ಲಿ ಮಾತ್ರ ಮುಖ ನೋಡಿ ಮಣೆ ಹಾಕುವುದು ಮನುಷ್ಯರ ಹಳೆಯ ಚಾಳಿ.

ನಮ್ಮಲ್ಲಿ ಕೆಟ್ಟ ರಸ ಚೆಲ್ಲುವಾಗ ಒಂದು ಬಾಟಲಿ ಉಳಿಸಿ, ಮಾಡಿದವರೇ ತಮ್ಮ ಕೈಯಾರೆ ತಪ್ಪು ಬರೆದು ಕಪಾಟಿನಲ್ಲಿಡಬೇಕು. ಅದು ತಪ್ಪಿನ ಕಪಾಟು. ಮದುವೆಯಾಗಿ ಬಂದ ಸೊಸೆಗೆ ದೇವರಮನೆ ತೋರಿಸುವ ಹಾಗೆ, ಕೆಲಸಕ್ಕೆ ಬಂದವರಿಗೆ ಮೊದಲು ಅದನ್ನೇ ತೋರಿಸುತ್ತಾರೆ. ಅದರ ಮೊದಲ ಸಾಲಿನ ಮೊದಲ ಬಾಟಲಿ ನಿಮ್ಮದು. ನೀವಿನ್ನೂ ಬರೆಯದ ಮಾತನ್ನು ನಿಮಗೇ ಓದಿ ಹೇಳುವುದು ಅಧಿಕಪ್ರಸಂಗ, ಆದರೂ ತಡೆಯಲಾರೆ: "ಮೋಡ ಬಂದಿತ್ತು. ಸಾಹೇಬ್ರು ಬೈತಾರಂತ ಮತ್ತ ಕಾಸಿದೆ. ಮ್ಯಾಲ ಕನ್ನಡಿ ಆಗೇತಿ, ಒಳಗ ಸ್ಪಿರಿಟ್ ಕುಂತೈತಿ. ಯಾರಿಗೂ ಕೊಡಬ್ಯಾಡ್ರಿ. ತಪ್ಪು ನಂದು."

ಇದನ್ನು ಇಪ್ಪತ್ತು ವರ್ಷ ಬಾಯಿಪಾಠ ಹೇಳಿದ ನಾನು, ಹೋದ ವಾರ ಅದೇ ತಪ್ಪು ಮಾಡಿದೆ.

ನನ್ನ ತಮ್ಮ ಮೋನಪ್ಪನಿಗೆ ಮೂರ್ಛೆರೋಗ. ಅವನ ಔಷಧ ಮುಗಿಯುತ್ತ ಬಂದಿತ್ತು. ಅವಸರದಲ್ಲಿ ನಾನು ರಸವನ್ನು ದಪ್ಪಗೆ ಹರಡಿದೆ, ಮೋಡ ಬಂತು. ಒಳಗೆ ಸ್ಪಿರಿಟ್ ಉಳಿದಿದ್ದರೆ ತಾನಾಗಿ ಹಾರಿಹೋಗಲೆಂದು, ಮೋಡದ ತಟ್ಟೆಯನ್ನು ನೋಟಗಾರರು ಮೂರು ವಾರ ತೆರೆದಿಟ್ಟು ಕಾಯಬೇಕು. ನಾನು ಕಾಯಲಿಲ್ಲ, ಯಾರೂ ಇಲ್ಲದಾಗ ಕಾಸಿದೆ. ಮೇಲೆ ತೆಳ್ಳನೆಯ ಪೊರೆ ಕಟ್ಟಿ ಥಳಥಳ ಹೊಳೆಯಿತು. ಯಂತ್ರಕ್ಕೆ ಕೊಟ್ಟ ಹನಿಯೂ ದಾಟಿಬಿಟ್ಟಿತು, ಪೊರೆಯ ಮೇಲಿನದನ್ನೇ ನಾನು ಎತ್ತಿದ್ದೆನಲ್ಲ. ನಮ್ಮ ಹಿರಿಯ ನೋಟಗಾರ್ತಿ ಸಾಬವ್ವ ಬಂದು, ತಟ್ಟೆ ನೋಡಿ, ನನ್ನ ಮುಖ ನೋಡಿದಳು. "ಕನ್ನಡಿ ಭಾಳ ಚೆಂದ ಬಂದೈತೆವ್ವಾ. ಮೊದಲ ನೀ ಒಂದ್ ಚಮಚ ತಗೋ, ನೋಡೂಣು," ಎಂದಳು.

ನನ್ನ ಕೈ ಏಳಲಿಲ್ಲ. ನನ್ನ ಬಾಯಿಗೆ ಹಾಕಲಾರದ್ದನ್ನು ಒಡಹುಟ್ಟಿದವನ ಬಾಯಿಗೆ ಹಾಕಲು ಹೊರಟಿದ್ದೆ. ನಾಚಿಕೆಯಿಂದ ನೆಲ ನೋಡುತ್ತ ಕಪಾಟಿನ ಮುಂದೆ ಹೋಗಿ ಕೂತೆ. ಸಾಹೇಬರ ಬೈಗುಳದ ಭಯ, ಕೆಲಸ ಹೋಗುವ ಭಯ, ಎಲ್ಲ ನಿಮಗಿದ್ದವು. ನಿಮಗೆ ಮಾದರಿಯಾಗಿ ಯಾವ ಕಪಾಟೂ ಇರಲಿಲ್ಲ, ಹಿಂದೆ ನಿಲ್ಲುವ ಸಾಬವ್ವನೂ ಇರಲಿಲ್ಲ. ಯಾರೂ ಕೇಳದೆ, ಯಾರೂ ಹಿಡಿಯದೆ, ನೀವಾಗಿಯೇ ಬರೆದಿರಿ. ಗಂಗವ್ವನವರೇ, ನಿಮ್ಮಷ್ಟು ಎದೆಗಾರಿಕೆಯ ಮನುಷ್ಯರನ್ನು ನಾನು ಕಂಡಿಲ್ಲ.

ನಾನೂ ಬರೆದೆ. ತಟ್ಟೆ ಚೆಲ್ಲಿ ಹೊಸದು ಹರಡಿ ಇವತ್ತಿಗೆ ಆರು ದಿನ. ಈ ಆರು ದಿನದಲ್ಲಿ ಮೋನಪ್ಪ ಎರಡು ಸಲ ಬಿದ್ದ, ಹಣೆ ಒಡೆದುಕೊಂಡ. ಪಟ್ಟಿ ಕಟ್ಟುತ್ತ ಎಲ್ಲ ಹೇಳಿದೆ. "ಇರ್ಲಿ ಬಿಡಕ್ಕಾ. ಮೊದ್ಲೇನ್ ಬಿದ್ದಿಲ್ಲೇನ್ ನಾ? ಛಲೋದು ಬರೂತನಕ ತಡೀತೀನಿ," ಎಂದ. ಇನ್ನು ಹದಿನೈದು ದಿನ ತಡೆಯಬೇಕು. ತಟ್ಟೆಗೆ ಮತ್ತೆ ಮೋಡ ಬಂದಿದೆ. ನಾನು ಮುಟ್ಟಿಲ್ಲ.

ಈಗ ಕೋರಿಕೆ. ನಿಮ್ಮ ಚೀಟಿಯ ಕೊನೆಗೆ ಹೆಸರಿದೆ, ಆದರೆ ಅದರ ಮೊದಲರ್ಧದ ಮೇಲೆ ಎಣ್ಣೆಗೈಯ ಹೆಬ್ಬೆಟ್ಟು ಬಿದ್ದು ಶಾಯಿ ಹರಡಿದೆ. ಉಳಿದಿರುವುದು ಗಂಗವ್ವ ಎಂಬಷ್ಟೇ. ನೀಲಗಂಗವ್ವನೋ, ಶಿವಗಂಗವ್ವನೋ ಎಂದು ನಾವು ಊಟದ ಹೊತ್ತಿಗೆ ಜಗಳವಾಡುತ್ತೇವೆ. ದಿನಾ ಯಾರಿಗೆ ಕೈಮುಗಿಯುತ್ತೇವೋ ಅವರನ್ನೇ ಅರ್ಧ ಹೆಸರಿನಿಂದ ಕರೆಯುತ್ತೇವೆ. ದಯವಿಟ್ಟು ಏಳಿ, ಸಾಬೂನು ಹಚ್ಚಿ ಕೈ ತೊಳೆದು, ಒರೆಸಿಕೊಂಡು ಬನ್ನಿ. ಪೆನ್ನು ಬೇಡ, ಎಣ್ಣೆಗೆ ಅಂಜದ ಪೆನ್ಸಿಲಿನಲ್ಲಿ ಬರೆಯಿರಿ.

ನಿಮ್ಮ ಬಾಟಲಿಯ ಪಕ್ಕದಲ್ಲೇ ನನ್ನದನ್ನು ಇಟ್ಟಿದ್ದೇನೆ, ಪೂರ್ತಿ ಹೆಸರಿನೊಂದಿಗೆ. ನಾಳೆ ಬೆಳಿಗ್ಗೆ ಕಪಾಟು ತೆರೆದ ಕೂಡಲೇ ಮೊದಲು ನಿಮ್ಮ ಚೀಟಿಯನ್ನೇ ನೋಡುತ್ತೇನೆ.