ಅಮ್ಮನ ಸಂಜೆಗಳು

ಅಪ್ಪಾ,

ನೀವು ಹೋದಾಗ ನಿಮ್ಮ ಶಿಷ್ಯರೆಲ್ಲ ಮನೆ ತುಂಬ ನಿಂತು ಅತ್ತರು. ತಿಂಗಳಾಗುವಷ್ಟರಲ್ಲಿ ಅಮ್ಮ ದಿನಾ ಸಂಜೆ ತಲೆ ಬಾಚಿಕೊಂಡು ಹೊರಡತೊಡಗಿದಳು. ಅತ್ತೆ ಮನೆಗೆ ಎನ್ನುತ್ತಿದ್ದಳು. ಅತ್ತೆಯನ್ನು ಕೇಳಿದರೆ, "ಇಲ್ಲಿಗೆಲ್ಲಿ ಬಂದ್ಲು?" ಎಂದರು. ನನ್ನ ತಲೆಗೆ ಏನೇನೋ ಹುಳ ಹೊಕ್ಕಿತು. ಇವತ್ತು ಕಳ್ಳಿಯಂತೆ ಹಿಂಬಾಲಿಸಿದೆ.

ಅವಳು ಹೋದದ್ದು ನಿಮ್ಮ ಶಾಲೆಗೆ. ನಿಮ್ಮ ಶಿಷ್ಯೆಯೊಬ್ಬಳು ಅಲ್ಲಿ ದೊಡ್ಡವರಿಗೆ ಓದುಬರಹ ಕಲಿಸುತ್ತಾಳೆ. ಕೊನೆಯ ಬೆಂಚಿನಲ್ಲಿ ಅಮ್ಮ ಕೂತಿದ್ದಳು.

"ಯಾಕಮ್ಮಾ ಸುಳ್ಳು ಹೇಳ್ದೆ?"

"ಮೇಷ್ಟ್ರ ಹೆಂಡ್ತಿಗೆ ಅಕ್ಷರ ಬರಲ್ಲ ಅಂದ್ರೆ ನಿಮ್ಮಪ್ಪನ ಮರ್ಯಾದೆ ಏನಾಗ್ಬೇಕು? ಬಿಡುವಾದಾಗ ಕಲಿಸ್ತೀನಿ ಅಂತಿದ್ರು, ಪಾಪ."

ನಿಮಗೆ ಬಿಡುವೆಲ್ಲಿತ್ತು? ಬೆಳಗ್ಗೆ ನನಗೆ ಜಡೆ ಹಾಕಿ ಶಾಲೆಗೆ ಓಡುತ್ತಿದ್ದಿರಿ.

ಅಮ್ಮ ಸ್ಲೇಟು ತಿರುಗಿಸಿ, ತಾನು ಬರೆದ ನಿಮ್ಮ ಹೆಸರು ತೋರಿಸಿದಳು. ಒತ್ತಕ್ಷರವೊಂದು ತಪ್ಪಿತ್ತು. ನೀವಾಗಿದ್ದರೆ ತಿದ್ದುತ್ತಿದ್ದಿರಿ.

"ಸರಿಯಾಗಿದೆ ಅಮ್ಮಾ," ಎಂದೆ.